ಬೇಗ ಬಂದ ಮಕ್ಕಳ ರಾಮಾಯಿ

ಬೆಳಿಗ್ಗೆ ಆರೂ ಮೂವತ್ತೈದು. ತಿರುಪ್ಪೂರಿನ ಈ ಬೀದಿಯಲ್ಲಿ ಟೀ ಅಂಗಡಿಯ ಬಾಯ್ಲರ್ ಬಿಟ್ಟರೆ ಇನ್ನೇನೂ ಎದ್ದಿಲ್ಲ. ರಾಮಾಯಿ ಶಾಲೆಯ ಕಬ್ಬಿಣದ ಗೇಟಿನ ಬೀಗ ತೆಗೆಯುತ್ತಾರೆ. ಒಂದು ಬಾಗಿಲನ್ನು ಒಬ್ಬರು ನುಸುಳುವಷ್ಟು ಮಾತ್ರ ಸರಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ಗರಿಯ ಪೊರಕೆ ಹಿಡಿದು ವರಾಂಡ ಗುಡಿಸಲು ಶುರು ಮಾಡುತ್ತಾರೆ. ಇನ್ನೂ ಅರ್ಧ ವರಾಂಡ ಮುಗಿದಿಲ್ಲ, ಒಂದು ಮೊಪೆಡ್ ಬರುತ್ತದೆ. ಅದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಹಿಂದಿನ ಸೀಟಿನಿಂದ ಬೆನ್ನಿಗೆ ಬ್ಯಾಗು, ಕೈಯಲ್ಲಿ ಊಟದ ಬುಟ್ಟಿ, ಕಣ್ಣಲ್ಲಿ ಅರ್ಧ ನಿದ್ದೆ ಇರುವ ಒಂದು ಹುಡುಗಿ ಇಳಿಯುತ್ತಾಳೆ. ಅವಳು ತಿರುಗಿ ನೋಡುವಷ್ಟರಲ್ಲಿ ಅಪ್ಪನ ಗಾಡಿ ಮೂಲೆ ದಾಟಿರುತ್ತದೆ.

ರಾಮಾಯಿ ಪೊರಕೆಯನ್ನು ಗೋಡೆಗೆ ಒರಗಿಸುತ್ತಾರೆ. ಸೊಂಟದಲ್ಲಿ ಕಟ್ಟಿಕೊಂಡ ಕೆಂಪು ಬಟ್ಟೆಯ ಪಟ್ಟಿಗಳಿಂದ ಒಂದನ್ನು ಎಳೆದು ಹುಡುಗಿಯ ಎಡಗೈಗೆ ಸುತ್ತಿ ಗಂಟು ಹಾಕುತ್ತಾರೆ. "ಒಂದು," ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ಗುಡಿಸುತ್ತಾರೆ. ಏಳು ಗಂಟೆಯ ಹೊತ್ತಿಗೆ "ಎಂಟು" ಆಗಿರುತ್ತದೆ. ಏಳೂ ಮುಕ್ಕಾಲಿಗೆ ವರಾಂಡ ತುಂಬಿರುತ್ತದೆ. ಶಾಲೆಯ ಮೊದಲ ಟೀಚರ್ ಬರುವುದು ಎಂಟೂ ನಲವತ್ತಕ್ಕೆ. ಅಲ್ಲಿಯವರೆಗೆ ಈ ಕಟ್ಟಡದಲ್ಲಿರುವ ದೊಡ್ಡವರು ಎಂದರೆ ರಾಮಾಯಿ ಒಬ್ಬರೇ.

ಇದು ಈ ವರ್ಷವಷ್ಟೇ ಜಿಲ್ಲೆಯಾದ ತಿರುಪ್ಪೂರು. ಬನಿಯನ್ ಹೊಲಿಯುವ ಊರು. ಕಂಪನಿಗಳು ಎಂಟೂವರೆಗೆ ಶುರುವಾಗುತ್ತವೆ. ಕಂಪನಿಯ ವ್ಯಾನು ಏಳೂ ಕಾಲಿಗೇ ಬಂದು ಹಾರ್ನ್ ಹೊಡೆಯುತ್ತದೆ. ಶಾಲೆಯ ಗಂಟೆ ಒಂಬತ್ತೂ ಕಾಲಿಗೆ. ಅಪ್ಪ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ನಿಗೆ, ಅಮ್ಮ ಹೊಲಿದದ್ದನ್ನು ಪರೀಕ್ಷಿಸುವ ಚೆಕಿಂಗ್ ಟೇಬಲ್ಲಿಗೆ ಹೋಗುವ ಮನೆಯಲ್ಲಿ ಈ ಎರಡು ಗಂಟೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

"ಏನ್ಮಾಡಾರು ಅಮ್ಮಿಣಿ," ಎನ್ನುತ್ತಾರೆ ರಾಮಾಯಿ. ಈ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವುದು ಹೀಗೆ. ನನಗೆ ಮೂವತ್ತಾರು ದಾಟಿದ್ದರೂ ಅವರ ಬಾಯಲ್ಲಿ ನಾನು ಅಮ್ಮಿಣಿಯೇ. "ಮನೆಗೆ ಬೀಗ ಹಾಕ್ಬೇಕು. ಕೂಸ ಒಳಗೆ ಬುಟ್ಟು ಹಾಕಾಕಾಯ್ತದಾ? ಪಳ್ಳಿಕೂಡ, ಇಸ್ಕೂಲು ಅಂದ್ರೆ ನಮ್ಮದೇ ಜಾಗ ಅಂತ ತಂದು ಬುಡ್ತಾರೆ. ಒಳಗೆ ಯಾರಾರ ಇದ್ದೇ ಇರ್ತಾರೆ ಅಂತ ಅವ್ರ ನಂಬ್ಕೆ."

ಒಳಗಿರುವ ಆ 'ಯಾರಾರ' ಕಳೆದ ಇಪ್ಪತ್ತು ವರ್ಷದಿಂದ ಇವರೇ. ಸೋಮವಾರದಿಂದ ಅದಿಲ್ಲ. ಎಂಟೂ ಮುಕ್ಕಾಲಿಗೆ ಮುಂಚೆ ಗೇಟು ತೆರೆಯಬಾರದು ಎಂದು ಶಾಲೆಯ ಆಡಳಿತ ಸಮಿತಿ ತೀರ್ಮಾನಿಸಿದೆ. ಇವತ್ತು ಶುಕ್ರವಾರ. ಸಂಜೆ ರಾಮಾಯಿ ಬೀಗದ ಕೈಯನ್ನು ಆಫೀಸಿನಲ್ಲಿ ಕೊಟ್ಟು ಹೋಗಬೇಕು.

ರಾಮಾಯಿಗೆ ಈಗ ಐವತ್ತೆಂಟು ಇರಬಹುದು. ಇರಬಹುದು ಎಂದೆ, ಏಕೆಂದರೆ ಅವರ ಬಳಿ ಇರುವ ಎರಡು ಕಾಗದಗಳಲ್ಲಿ ಎರಡು ಬೇರೆ ವಯಸ್ಸು ಬರೆದಿದೆ. ಅವರು ಎರಡನ್ನೂ ಒಪ್ಪುವುದಿಲ್ಲ. ಹುಟ್ಟಿದ್ದು ಉಡುಮಲೈಪೇಟೆಯ ಹತ್ತಿರ ಕಡಲೆಕಾಯಿ, ಹತ್ತಿ ಬೆಳೆಯುವ ಮನೆಯಲ್ಲಿ. ಎಷ್ಟು ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬಂದವರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯಲ್ಲಿ ಮಾತ್ರ ಕನ್ನಡ ಉಳಿದಿದೆ. ಬೀದಿಗಿಳಿದರೆ ತಮಿಳು. ಅಕ್ಷರ ಎರಡರಲ್ಲೂ ಬಾರದು. ನಿಮ್ಮ ಬಗ್ಗೆ ಕನ್ನಡ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಾಗ ಅವರು ನನ್ನ ಮುಖವನ್ನೇ ನೋಡಿದರು. "ನಾವು ಮನೇಲಿ ಮಾತಾಡದ? ಅದ ಬರ್ಯಾಕೂ ಆಯ್ತದಾ?" ಎಂದು ಕೇಳಿದರು. ನನಗೆ ನಗು ಬಂತು, ಆಮೇಲೆ ಎಲ್ಲೋ ಚುಚ್ಚಿತು.

ಗಂಡ ಚಿನ್ನಸಾಮಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಈಗ ಎದೆ ಕಟ್ಟುತ್ತದೆಂದು ಮನೆಯಲ್ಲೇ ಇದ್ದು ಅಡುಗೆ ಮಾಡುತ್ತಾರೆ. "ನಾನ್ ಮಾಡದ್ಕಿಂತ ಚೆನ್ನಾಗ್ ಮಾಡ್ತಾರೆ. ಆದ್ರೆ ಅದ ಅವ್ರ ಮುಂದೆ ಹೇಳಾಕಿಲ್ಲ," ಎನ್ನುತ್ತಾರೆ ರಾಮಾಯಿ.

ಇದೆಲ್ಲ ಶುರುವಾದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಎಂಬತ್ತೊಂಬತ್ತರಲ್ಲಿ ಅವರು ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಬಂದಾಗ ಗೇಟಿನ ಹೊರಗೆ ಅಣ್ಣತಂಗಿ ಇಬ್ಬರು ಮಕ್ಕಳು ಕುಳಿತಿದ್ದರು. ಚಳಿಗೆ ಇಬ್ಬರೂ ಒಂದೇ ಟವಲ್ ಹೊದ್ದಿದ್ದರು. ರಾಮಾಯಿ ಗೇಟು ತೆಗೆದು, ಗುಡಿಸಿದ ಕಡೆ ಕೂರಿ ಎಂದರು. ಮಾರನೇ ದಿನ ನಾಲ್ಕು ಮಕ್ಕಳು. "ಯಾರೂ ಮಾಡು ಅನ್ನಿಲ್ಲ. ಬ್ಯಾಡ ಅಂತಾನೂ ಯಾರೂ ಅನ್ನಿಲ್ಲ," ಎನ್ನುತ್ತಾರೆ. ಆ ಇಬ್ಬರಲ್ಲಿ ಅಣ್ಣನಾಗಿದ್ದ ಶಿವಲಿಂಗಂ ಇಂದು ಒಂದು ಕಂಪನಿಯಲ್ಲಿ ಟೈಲರ್. ಅವನ ಮಗಳೇ ಬೆಳಿಗ್ಗೆ ನಿಲ್ಲದ ಮೊಪೆಡ್ಡಿನಿಂದ ಇಳಿದ "ಒಂದು".

ಹಳೆಯ ಕಾಲದ ಮಾತೆತ್ತಿದರೆ ರಾಮಾಯಿಯ ಮುಖ ಸಡಿಲವಾಗುತ್ತದೆ. "ಆಗ ಅಜ್ಜೀರು ಕರ್ಕಂಡ್ ಬರೋರು ಅಮ್ಮಿಣಿ. ನಡ್ಕಂಡು. ಬಂದ್ರೆ ಬುಟ್ಟು ಓಡಾರಲ್ಲ. ಇಲ್ಲೇ ಬೇವಿನ ಮರದಡಿ ಕೂತ್ಕಂಡು ವೀಳ್ಯ ಹಾಕ್ಕಂಡು, ಸೊಸೇದು, ಮಗಂದು ಎಲ್ಲಾ ಮಾತಾಡಿ, ಬೆಲ್ಲು ಹೊಡ್ದ ಮ್ಯಾಲೆ ಎದ್ದೋಗೋರು. ಮಕ್ಳು ಮಣ್ಣಲ್ಲಿ ಗುಳಿ ತೋಡಿ ಹುಣಿಸೆ ಬೀಜದಲ್ಲಿ ಆಡವು. ನಾನೂ ಕೂರ್ತಿದ್ದೆ. ಸೋತು ಸೋತು ನಂಗೂ ಸಾಕಾಯ್ತಿತ್ತು." ಅಂಗಳಕ್ಕೆ ಈಗ ಸಿಮೆಂಟು ಬಿದ್ದಿದೆ. ಗುಳಿ ತೋಡಲು ಮಣ್ಣಿಲ್ಲ. ಅಜ್ಜಿಯರು ಊರುಗಳಲ್ಲಿ ಉಳಿದರು, ಮಕ್ಕಳು ಸೊಸೆಯರು ಬನಿಯನ್ ಕೆಲಸಕ್ಕೆಂದು ಇಲ್ಲಿಗೆ ಬಂದು ಒಂದು ಕೋಣೆಯ ಲೈನ್ ಮನೆಗಳಲ್ಲಿ ನೆಲೆಸಿದರು. ಬೇವಿನ ಮರ ಮಾತ್ರ ಇದೆ. ಅದರ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ.

ಅವರು ಇದನ್ನು ಹೇಳುವಾಗ ನನಗೆ ಅರಸೀಕೆರೆ ನೆನಪಾಗುತ್ತದೆ. ನಮ್ಮಪ್ಪ ಬಸ್ ಕಂಡಕ್ಟರ್. ಆರೂ ಮುಕ್ಕಾಲಿನ ಮೊದಲ ಟ್ರಿಪ್ಪಿಗೆ ಹೋಗುವ ದಾರಿಯಲ್ಲಿ ನನ್ನನ್ನು ಶಾಲೆಯ ಮುಂದೆ ಇಳಿಸಿ ವಿಸಿಲ್ ಊದುತ್ತಿದ್ದರು. ಇಡೀ ಬಸ್ಸು ನನಗಾಗಿ ಒಂದು ಗಳಿಗೆ ನಿಲ್ಲುತ್ತಿತ್ತು. ಅದರ ಜಂಬ ನನಗೆ ಬೇಕಾದಷ್ಟಿತ್ತು. ಶಾಲೆಯ ಜವಾನರೊಬ್ಬರು ನನ್ನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ಮಸಿ ಬಾಟಲಿಗಳಿಗೆ ಮಸಿ ತುಂಬುತ್ತಾ ಕಥೆ ಹೇಳುತ್ತಿದ್ದರು. ಆ ಬೆಳಗಿನ ಬಿಸಿಲಿನ ವಾಸನೆ ಕೂಡ ನನಗೆ ನೆನಪಿದೆ. ಆ ಜವಾನರ ಹೆಸರು ನೆನಪಿಲ್ಲ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಇಬ್ಬರಿಗೂ ನಾಚಿಕೆಯಾಯಿತು. ಈ ಶಾಲೆಯ ಮುಂದೆ ಆರು ವರ್ಷದಿಂದ ದಿನವೂ ಸ್ಕೂಟಿಯಲ್ಲಿ ಆಫೀಸಿಗೆ ಹೋಗುವ ನಾನು ರಾಮಾಯಿಯನ್ನು ಮಾತಾಡಿಸಿದ್ದು ಹೋದ ವಾರ.

ಈಗ ಕೆಂಪು ಪಟ್ಟಿಯ ವಿಷಯ. ಬನಿಯನ್ ಬಟ್ಟೆ ಕತ್ತರಿಸಿದಾಗ ಉಳಿಯುವ ಅಂಚುಗಳು ಈ ಊರಿನಲ್ಲಿ ಮೂಟೆಗಟ್ಟಲೆ ಸಿಗುತ್ತವೆ. ಒಂದು ಅಂಚನ್ನು ಹಿಡಿದು ಜಗ್ಗಿದರೆ ಅದು ತಾನೇ ಸುರುಳಿಯಾಗಿ ಮೆತ್ತನೆ ದಾರವಾಗುತ್ತದೆ. ಮಕ್ಕಳ ಕೈಗೆ ಒತ್ತುವುದಿಲ್ಲ. ರಾಮಾಯಿ ಬೇಗ ಬಂದ ಪ್ರತಿ ಮಗುವಿಗೂ ಇದನ್ನು ಕಟ್ಟುತ್ತಾರೆ. ಎಂಟೂ ಮುಕ್ಕಾಲಿನ ನಂತರ ಆಯಾ ತರಗತಿಯ ಬಾಗಿಲಿಗೆ ಕರೆದೊಯ್ದು, ಟೀಚರ್ ಒಳಗಿದ್ದಾರೆಂದು ಕಣ್ಣಾರೆ ನೋಡಿ, ಆಮೇಲೆ ಬಿಚ್ಚುತ್ತಾರೆ. ಬಿಚ್ಚಿದ ಪಟ್ಟಿಗಳ ಲೆಕ್ಕ ಕಟ್ಟಿದ ಲೆಕ್ಕಕ್ಕೆ ಕೂಡಿಬಂದರೆ ಅವರ ಬೆಳಗು ಮುಗಿಯಿತು. ಕೂಡದಿದ್ದರೆ ಟಾಯ್ಲೆಟ್ಟಿನ ಕಡೆಯೋ, ನೀರಿನ ತೊಟ್ಟಿಯ ಹಿಂದೆಯೋ ಯಾರೋ ಆಟದಲ್ಲಿ ಮೈಮರೆತಿದ್ದಾರೆ ಎಂದರ್ಥ. ಪೆನ್ನಿಲ್ಲ, ರಿಜಿಸ್ಟರಿಲ್ಲ. ಪಟ್ಟಿಯ ಬಣ್ಣ ಕಂಪನಿಗಳ ಆರ್ಡರಿನಂತೆ ಬದಲಾಗುತ್ತದೆ. ಜುಲೈ ತಿಂಗಳಲ್ಲಿ ಊರಿಗೆ ಊರೇ ಕ್ರಿಸ್ಮಸ್ಸಿಗೆ ಕೆಂಪು ಅಂಗಿ ಹೊಲಿಯುತ್ತದೆ. ಹಾಗಾಗಿ ಈಗ ವರಾಂಡದ ತುಂಬ ಕೆಂಪು ಕೈಗಳು.

ಸಂಖ್ಯೆಯಲ್ಲೂ ಊರಿನ ಸುದ್ದಿ ಇದೆ. ಆರ್ಡರ್ ಜೋರಾಗಿದ್ದಾಗ ಇಪ್ಪತ್ತೆಂಟು, ಮೂವತ್ತು ಮಕ್ಕಳು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ವಿದೇಶದಲ್ಲಿ ಬ್ಯಾಂಕುಗಳು ಮುಳುಗಿ ಇಲ್ಲಿ ಕೆಲಸ ಕಡಿಮೆಯಾದಾಗ ಒಂಬತ್ತಕ್ಕೆ ಇಳಿದಿತ್ತು. ಬನಿಯನ್ ರಫ್ತು ಮಾಡುವ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ನಾವು ತಲೆ ಕೆಡಿಸಿಕೊಳ್ಳುವ ಅಂಕಿಅಂಶ ಈಕೆಗೆ ಸೊಂಟದಲ್ಲಿ ಉಳಿದ ಬಟ್ಟೆಯಿಂದಲೇ ಗೊತ್ತಾಗಿರುತ್ತದೆ.

ಇವರ ಕಾನೂನುಗಳು ಕೆಲವೇ. ತೊಟ್ಟಿ ಹತ್ತಬಾರದು. ಗೇಟಿನ ಹತ್ತಿರ ಹೋಗಬಾರದು. ದೊಡ್ಡ ಹುಡುಗಿಯರು ಚಿಕ್ಕವರ ತಲೆ ಬಾಚಬೇಕು. ನಿದ್ದೆ ಬಂದವರು ಮಲಗಬಹುದು, ಅದಕ್ಕೆ ಒಂದು ಹಳೆಯ ಜಮಖಾನ ಇದೆ. ತಿಂಡಿ ತಿನ್ನದೆ ಬಂದವರು ಮಧ್ಯಾಹ್ನದ ಡಬ್ಬಿಯಿಂದ ಅರ್ಧ ತಿನ್ನಬಹುದು, ಪೂರ್ತಿ ತಿನ್ನುವಂತಿಲ್ಲ. "ಪೂರ್ತಿ ತಿಂದ್ಬುಟ್ರೆ ಮದ್ಯಾನ ನನ್ ಮಖ ನೋಡ್ತವೆ. ಆಗ ನನ್ ಡಬ್ಬಿ ಗತಿ ಅಷ್ಟೇ," ಎನ್ನುತ್ತಾರೆ.

ಒಂದು ದಿನದ ಬಗ್ಗೆ ಹೇಳಲು ಅವರು ಮೂರು ಸಲ ಹಿಂದೇಟು ಹಾಕಿದರು. ನಾಲ್ಕನೇ ಸಲ, ಜಮಖಾನ ಮಡಚುತ್ತಾ, ನನ್ನ ಕಡೆ ನೋಡದೆ ಹೇಳಿದರು.

ಐದು ವರ್ಷದ ಹಿಂದಿನ ಮಾತು. ಶಾಲೆ ಕಟ್ಟಿಸಿದ ಹಿರಿಯರೊಬ್ಬರು ತೀರಿಕೊಂಡು, ಮಾರನೇ ದಿನ ರಜೆ ಎಂದು ಮಧ್ಯಾಹ್ನ ಮೂರೂವರೆಗೆ ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದರು. ಒಂದನೇ ಕ್ಲಾಸಿನ ತೆನ್ಮೊಳಿಗೂ ಹೇಳಿದರು. ಅವಳ ಅಪ್ಪ ಮಣಿಕಂಡನ್ ಮತ್ತು ಅಮ್ಮ ಇಬ್ಬರಿಗೂ ಆ ವಾರ ಒಂದೂವರೆ ಶಿಫ್ಟು, ಎಂದರೆ ರಾತ್ರಿ ಎಂಟೂವರೆವರೆಗೆ ಕೆಲಸ. ಅವರು ಮನೆಗೆ ಬಂದಾಗ ಮಗಳು ಪಕ್ಕದ ಮನೆಯಲ್ಲಿ ನಿದ್ದೆ ಹೋಗಿದ್ದಳು. ಎತ್ತಿಕೊಂಡು ಬಂದರು. ಬೆಳಿಗ್ಗೆ ಅರೆನಿದ್ದೆಯಲ್ಲೇ ಸ್ನಾನ ಮಾಡಿಸಿ, ಯೂನಿಫಾರಂ ಹಾಕಿ, ಏಳು ಗಂಟೆಗೆ ಗೇಟಿನ ಮುಂದೆ ಇಳಿಸಿ ಅಪ್ಪ ಹೋದರು. ಶಿಪ್‌ಮೆಂಟ್ ಇತ್ತು, ಕಂಪನಿಗೆ ರಜೆ ಇರಲಿಲ್ಲ. ಆರು ವರ್ಷದ ಮಗುವಿಗೆ ರಜೆಯ ನೆನಪೂ ಇರಲಿಲ್ಲ. ಅಪ್ಪ ಮಗಳು ಇಬ್ಬರೂ ಎಚ್ಚರವಾಗಿದ್ದು ಮಾತಾಡುವ ಹೊತ್ತೇ ಆ ಮನೆಯಲ್ಲಿ ಇರಲಿಲ್ಲ ಎಂದರೆ ಸರಿ.

ಗೇಟು ಮುಚ್ಚಿತ್ತು. ರಾಮಾಯಿ ಅಂದು ಮೊದಲ ಬಸ್ಸಿಗೆ ಧಾರಾಪುರಕ್ಕೆ, ತಂಗಿಯ ಮನೆಗೆ ಹೋಗಿದ್ದರು. ವಾಪಸು ಬಂದು ಬಸ್ ಇಳಿದು ಮನೆಗೆ ನಡೆಯುವಾಗ ಶಾಲೆ ದಾರಿಯಲ್ಲೇ ಸಿಗುತ್ತದೆ. ಆಗ ಮಧ್ಯಾಹ್ನ ಎರಡು ಗಂಟೆ.

"ಗೇಟಿಗೆ ಒರ್ಗಿ ಕೂತಿತ್ತು. ಬಿಸ್ಲು ಮಖಕ್ಕೇ ಹೊಡೀತಿತ್ತು. ಡಬ್ಬಿ ಬಿಚ್ಚಿ ಅರ್ಧ ತಿಂದು, ಅರ್ಧ ಹಂಗೇ ಮುಚ್ಚಿಟ್ಕಂಡಿತ್ತು. ನಾನ್ ಹೇಳ್ಕೊಟ್ಟ ಮಾತಲ್ವಾ ಅದು. ನನ್ನ ನೋಡ್ತು. ಅಳ್ನಿಲ್ಲ. ಎದ್ದು ಬಂದು ಕೈ ನೀಡ್ತು, ಕಟ್ಟು ಅಂತ." ರಾಮಾಯಿ ಎಡಗೈ ಚಾಚಿ ತೋರಿಸುತ್ತಾರೆ. "ಏಳು ಗಂಟೆ ಹೊತ್ತು ಆ ಕೂಸು ನಂಗೆ ಕಾದದೆ ಅಮ್ಮಿಣಿ. ನಾನು ತಂಗಿ ಮನೇಲಿ ಊಟ ಮಾಡಿ ವೀಳ್ಯ ಹಾಕ್ಕಂಡು ಬತ್ತಿವ್ನಿ."

ಅವತ್ತು ಅವರ ಸೊಂಟದಲ್ಲಿ ಪಟ್ಟಿ ಇರಲಿಲ್ಲ. ಸೀರೆಯ ಅಂಚು ಹರಿದು ಕಟ್ಟಿದರು. ತಮ್ಮ ಮನೆಗೆ ಕರೆದೊಯ್ದು ಮಲಗಿಸಿ, ಅವಳ ಪಕ್ಕದ ಮನೆಯವರಿಗೆ ಹೇಳಿ ಕಳಿಸಿ, ರಾತ್ರಿ ಮಣಿಕಂಡನ್ ಬಂದಾಗ ಬಿಚ್ಚಿ ಒಪ್ಪಿಸಿದರು. ರಾಮಾಯಿ ಅವನನ್ನು ಬೈಯಲಿಲ್ಲ. "ಅವ್ನ ತಪ್ಪಾ? ರಜಾ ಅಂತ ನಂಗೆ ಗೊತ್ತಿತ್ತು. ಬೆಳಿಗ್ಗೆ ಗೇಟ್ ತಾವ ಬಂದು ಒಂದ್ಸಲ ನೋಡ್ಕಂಡು ಬಸ್ ಹತ್ಬೇಕಾಗಿತ್ತು," ಎನ್ನುತ್ತಾರೆ. ಅಂದಿನಿಂದ ಭಾನುವಾರ, ಪೊಂಗಲ್, ಬೇಸಿಗೆ ರಜೆ ಎನ್ನದೆ ಅವರು ದಿನವೂ ಏಳು ಗಂಟೆಗೆ ಗೇಟಿನವರೆಗೆ ಬಂದು ನೋಡಿ ಹೋಗುತ್ತಾರೆ. ಈ ಐದು ವರ್ಷದಲ್ಲಿ ಹಾಗೆ ಮೂರು ಮಕ್ಕಳು ಸಿಕ್ಕಿವೆ.

ಹೆಡ್‌ಮಿಸ್ಟ್ರೆಸ್ ಶಿವಗಾಮಿಯವರು ಕೆಟ್ಟವರಲ್ಲ. ಶಾಲೆಯ ಹೆಸರು ಬರೆಯಬೇಡಿ ಎಂದು ಕೇಳಿಕೊಂಡು, ಕಾಫಿ ತರಿಸಿ, ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಬೇರೆ ಊರಿನ ಒಂದು ಶಾಲೆಯಲ್ಲಿ ಬೇಗ ಬಂದ ಹುಡುಗನೊಬ್ಬ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡನಂತೆ. ಟೀಚರ್ ಯಾರೂ ಇರಲಿಲ್ಲ. ದೊಡ್ಡ ಗಲಾಟೆಯಾಯಿತು. ಅದು ಕಿವಿಗೆ ಬಿದ್ದ ಮೇಲೆ ಸಮಿತಿಯವರಿಗೆ ಹೆದರಿಕೆ. "ರಾಮಾಯಿ ಕಸ ಗುಡಿಸುವವರು. ಮಕ್ಕಳನ್ನು ನೋಡಿಕೊಳ್ಳುವುದು ಅವರ ಕೆಲಸವೆಂದು ಎಲ್ಲೂ ಬರೆದಿಲ್ಲ. ಗೇಟು ತೆಗೆದರೆ ಹೊಣೆ ನಮ್ಮದು. ನಾಳೆ ಏನಾದರೂ ಆದರೆ ಜೈಲಿಗೆ ಹೋಗುವವಳು ನಾನು," ಎಂದರು. ಟೀಚರುಗಳನ್ನು ಬೇಗ ಕರೆಸಬಹುದಲ್ಲ ಎಂದೆ. "ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ," ಎಂದರು. ಮಕ್ಕಳನ್ನು ಎಂಟೂ ಮುಕ್ಕಾಲಿಗೆ ಮುಂಚೆ ಕಳಿಸಬೇಡಿ ಎಂದು ಡೈರಿಯಲ್ಲಿ ಚೀಟಿ ಅಂಟಿಸಿ ಕಳಿಸಿದ್ದಾರೆ. ಎಲ್ಲ ಪೋಷಕರೂ ಸಹಿ ಮಾಡಿದ್ದಾರೆ. ಸಹಿ ಮಾಡಿದವರಿಗೆ ಬೇರೆ ದಾರಿ ಇದೆಯೇ ಎಂದು ಚೀಟಿಯಲ್ಲಿ ಕೇಳಿರಲಿಲ್ಲ.

ಶುಕ್ರವಾರ ಸಂಜೆ ರಾಮಾಯಿ ಬೀಗದ ಕೈ ಕೊಟ್ಟರು. ಸೋಮವಾರದಿಂದ ಕೆಲಸಕ್ಕೆ ಎಂಟು ಗಂಟೆಗೆ ಹಿಂದಿನ ಬಾಗಿಲಿಂದ ಬಂದರೆ ಸಾಕು, ಮಕ್ಕಳನ್ನು ಒಳಗೆ ಬಿಟ್ಟದ್ದು ಕಂಡರೆ ಕೆಲಸವಿಲ್ಲ ಎಂದು ಸಮಿತಿಯ ಕಡೆಯಿಂದ ಹೇಳಿಸಿದ್ದರು. ಅವರು ಸರಿ ಎಂದು ತಲೆಯಾಡಿಸಿದರು. ನನಗೆ ನಿಜಕ್ಕೂ ಬೇಸರವಾಯಿತು. ಬರಹವನ್ನು ಅಲ್ಲಿಗೇ ಮುಗಿಸೋಣ ಎಂದುಕೊಂಡಿದ್ದೆ.

ಆದರೂ ಮನಸ್ಸು ತಡೆಯದೆ ಸೋಮವಾರ ಏಳು ಗಂಟೆಗೆ ಹೋಗುತ್ತೇನೆ. ಗೇಟಿಗೆ ದೊಡ್ಡ ಬೀಗ ನೇತಾಡುತ್ತಿದೆ. ಹೊರಗೆ ಕಾಂಪೌಂಡಿನ ಗೋಡೆಗೆ ಒರಗಿ ಮಕ್ಕಳು ಸಾಲಾಗಿ ಕುಳಿತಿದ್ದಾರೆ, ಎಲ್ಲರ ಎಡಗೈಯಲ್ಲೂ ಕೆಂಪು ಪಟ್ಟಿ. ಮಕ್ಕಳಿಗೂ ರಸ್ತೆಗೂ ನಡುವೆ ರಾಮಾಯಿ ಕಾಲು ಚಾಚಿ ಕುಳಿತಿದ್ದಾರೆ. ಅವರ ಎಡಕ್ಕೆ ಎರಡು, ಬಲಕ್ಕೆ ಎರಡು ಪೊರಕೆಗಳನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿದ್ದಾರೆ. ಪೊರಕೆ ಎಂದರೆ ಲಕ್ಷ್ಮಿ, ದಾಟಬಾರದು. ಈ ಊರಿನಲ್ಲಿ ನಡೆಯಲು ಕಲಿಯುವಾಗಲೇ ಮಕ್ಕಳಿಗೆ ಇದನ್ನು ಕಲಿಸಿರುತ್ತಾರೆ. ಒಂದು ನೀರಿನ ಟ್ಯಾಂಕರ್ ಲಾರಿ ತೀರಾ ಹತ್ತಿರದಲ್ಲೇ ಹಾದುಹೋಗುತ್ತದೆ. ಒಂದು ಮಗುವೂ ಪೊರಕೆಯ ಆಚೆ ಕಾಲಿಡುವುದಿಲ್ಲ.

"ಕೆಲಸ ಎಂಟಕ್ಕಲ್ವಾ?" ಎಂದು ಕೇಳುತ್ತೇನೆ.

"ಗುಡ್ಸದು ಶುಕ್ರವಾರ ಸಂಜೇನೇ ಮುಗ್ಸಿ ಬೀಗದ ಕೈ ಕೊಟ್ಟಿವ್ನಿ. ದೊಡ್ಡ ಟೀಚರಮ್ಮಂಗೂ ಹೇಳಿವ್ನಿ. ಗೇಟ್ ಒಳಗೆ ಬುಟ್ರೆ ತಾನೇ ತಪ್ಪು? ಇದು ರೋಡು. ನಾನು ಇಲ್ಲಿ ಸುಮ್ನೆ ಕೂತಿವ್ನಿ." ಮಳೆ ಬಂದರೆ ಏನು ಮಾಡುತ್ತೀರಿ ಎನ್ನುತ್ತೇನೆ. ಎದುರಿನ ಹಾರ್ಡ್‌ವೇರ್ ಅಂಗಡಿಯವರನ್ನು ಭಾನುವಾರವೇ ಕೇಳಿ ಅವರ ಜಗಲಿ ಗೊತ್ತು ಮಾಡಿಕೊಂಡಿದ್ದಾರಂತೆ. "ಎಷ್ಟ್ ದಿನ ಬುಡ್ತಾರೋ ಗೊತ್ತಿಲ್ಲ. ನಾಳೆ ಇಲ್ಲೂ ಕೂರ್ಬ್ಯಾಡ ಅನ್ಬೋದು," ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ. ಮಕ್ಕಳು ಕೇಳಿಸಿಕೊಂಡಾರು ಎಂದು ಒಮ್ಮೆ ಹಿಂತಿರುಗಿ ನೋಡುತ್ತಾರೆ.

ಎಂಟೂವರೆ ಆಗುತ್ತದೆ. ಊರಿನ ಅಷ್ಟೂ ಕಂಪನಿಗಳಲ್ಲಿ ಮಷಿನ್ನುಗಳು ಶುರುವಾಗಿರುತ್ತವೆ. ಇಂಥ ಬರಹಕ್ಕೆ ಕೊನೆಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ, ನಿಮ್ಮ ಆಸೆ ಏನು ಎಂದು. ಅದನ್ನು ಕೇಳಲು ನನಗೇ ಮುಜುಗರವಾಗುತ್ತದೆ. ಆದರೂ ಕೇಳುತ್ತೇನೆ. ಬೀಗದ ಕೈ ವಾಪಸು ಬೇಕು ಎನ್ನುತ್ತಾರೆ ಎಂದುಕೊಂಡಿದ್ದೆ.

ರಾಮಾಯಿ ಪಕ್ಕದ ಪೊರಕೆಯನ್ನು ನೆಟ್ಟಗೆ ಮಾಡುತ್ತಾರೆ. "ಇಪ್ಪತ್ತು ವರ್ಷ ಆಯ್ತು ಅಮ್ಮಿಣಿ. ಬುಟ್ಟೋಗೋರು ಕೇಳಾಕಿಲ್ಲ, ಅವ್ರಿಗೆ ಹೊತ್ತಿಲ್ಲ. ಟೀಚರಮ್ಮಂದಿರೂ ಕೇಳಾಕಿಲ್ಲ. ಬಂದ ತಕ್ಷಣ ಮಕ್ಳು ಇದ್ದೇ ಇರ್ತವಲ್ಲ. ಇವತ್ತು ಎಷ್ಟು ಮಕ್ಳು, ಎಲ್ಲಾ ಸರಿಯಾಗವಾ ಅಂತ ಒಂದ್ ದಿನ ಯಾರಾರ ನನ್ನ ಕೇಳ್ಬೇಕು. ಅಷ್ಟೇಯ."

ನಾನು ಪೆನ್ನು ಕೆಳಗಿಡುತ್ತೇನೆ. "ಇವತ್ತು ಎಷ್ಟು ಮಕ್ಕಳು, ಅಕ್ಕ?"

ಅವರು ಕೂತಲ್ಲಿಂದ ಉತ್ತರ ಕೊಡುವುದಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ಸೆರಗು ಸರಿಮಾಡಿಕೊಳ್ಳುತ್ತಾರೆ. ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ತಲೆ ಮುಟ್ಟುತ್ತಾ, ನಿದ್ದೆ ಹೋಗಿದ್ದ ಕೊನೆಯ ಮಗುವಿನ ತಲೆಯನ್ನೂ ಮುಟ್ಟಿ, ನನ್ನ ಕಡೆ ತಿರುಗುತ್ತಾರೆ.

"ಹತ್ತೊಂಬತ್ತು," ಎನ್ನುತ್ತಾರೆ. "ಎಲ್ಲಾ ಅವೆ."